ಹಿರೇಬೆಣಕಲ್ ಮೊರೇರ ಗುಡ್ಡದ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗುಡ್ಡದ ಮೇಲೆ ಅಂಥಾದ್ದು ಏನಿದೆ?

ಕಲ್ಲಿನ ಊರೊಂದಿದೆ, ಆದರೆ ಬದುಕಿದ್ದವರ ಊರಲ್ಲ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಈ ಸೀಮೆಯ ಜನ ತಮ್ಮಲ್ಲಿ ತೀರಿಕೊಂಡವರಿಗಾಗಿ ನಿಲ್ಲಿಸಿದ ನೂರಾರು ಶಿಲಾಕೋಣೆಗಳು ಇಲ್ಲಿವೆ. ಕೆಲವು ಮೊಣಕಾಲೆತ್ತರ ಇದ್ದರೆ, ಕೆಲವು ಆಳೆತ್ತರವನ್ನೂ ಮೀರಿ ಮೂರು ಮೀಟರ್ ಹತ್ತಿರ ಏರುತ್ತವೆ. ಮೂರು ಅಥವಾ ನಾಲ್ಕು ಕಡೆ ಕಲ್ಲುಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಹಲವುದರ ಒಂದು ಗೋಡೆಯಲ್ಲಿ ದುಂಡನೆಯ ಕಂಡಿ ಕೊರೆದಿದ್ದಾರೆ. ಇವುಗಳ ಕಾಲವನ್ನು ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ ಎಂದು ವಿದ್ವಾಂಸರು ಗುರುತಿಸುತ್ತಾರೆ. ಕಬ್ಬಿಣ ಬಳಕೆಗೆ ಬಂದಿದ್ದ, ಬರವಣಿಗೆ ಇನ್ನೂ ಈ ಕಡೆ ಬಂದಿರದ ಕಾಲವೇ ಅದರಲ್ಲಿ ಹೆಚ್ಚು.

ಜೊತೆಗೆ ಬಂಡೆಯಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ, ಹಳೆಯ ಕೆರೆಯೊಂದಿದೆ, ಎತ್ತರದ ಗುಂಡಿನ ಮೇಲೆ ಕಲ್ಲಿನ ನಗಾರಿಯೊಂದಿದೆ. ಇವೆಲ್ಲದರ ನಡುವೆ ಕರಡಿ, ಚಿರತೆ, ನವಿಲು, ಉಡ, ಗೂಬೆಗಳು ಇವತ್ತಿಗೂ ಸಂಸಾರ ಮಾಡಿಕೊಂಡಿವೆ. ಹಂಪಿಗೆ ಬರುವ ಲಕ್ಷಾಂತರ ಜನರಲ್ಲಿ ಬಹುಪಾಲು ಮಂದಿಗೆ ಇಷ್ಟು ಹತ್ತಿರದಲ್ಲಿ ಇಂಥದ್ದೊಂದು ಇದೆಯೆಂಬುದೇ ಗೊತ್ತಿಲ್ಲ.

ಎಲ್ಲಿದೆ? ಹೋಗುವುದು ಹೇಗೆ?

ಕೊಪ್ಪಳ ಜಿಲ್ಲೆ, ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ಕೊಪ್ಪಳದಿಂದಲೂ ಹೊಸಪೇಟೆಯಿಂದಲೂ ಹೆಚ್ಚುಕಡಿಮೆ 35 ಕಿ.ಮೀ. ಆಗುತ್ತದೆ. ಗಂಗಾವತಿಗೆ ಬಸ್ಸಿಗೆ ಬರಗಾಲವಿಲ್ಲ. ಅಲ್ಲಿಂದ ಹಿರೇಬೆಣಕಲ್ ಊರಿಗೆ ಆಟೋ ಸಿಗುತ್ತದೆ. ಬೆಳಗಿನ ಜಾವವೇ ಹೊರಡುವವರು ಹಿಂದಿನ ದಿನವೇ ಆಟೋದವರಿಗೆ ಹೇಳಿಟ್ಟಿರಬೇಕು, ವಾಪಸು ಕರೆದುಕೊಂಡು ಬರುವ ಮಾತನ್ನೂ ಆಗಲೇ ಆಡಿ ಮುಗಿಸಬೇಕು.

ಎಷ್ಟು ನಡೆಯಬೇಕು? ಹತ್ತುವುದು ಕಷ್ಟವೇ?

ಎತ್ತರ ಅಂಥ ಹೇಳಿಕೊಳ್ಳುವಷ್ಟಿಲ್ಲ, ದಾರಿಯೇ ತುಸು ಒರಟು. ಊರು ದಾಟಿ ಹೊಲಗಳ ಅಂಚಿನಲ್ಲಿ ಸಾಗಿ, ಕುರುಚಲು ಕಾಡು ಹೊಕ್ಕು, ಬಂಡೆಗಳ ಮೇಲೆ ಹತ್ತುತ್ತಾ ಹೋಗಬೇಕು. ಸುಮ್ಮನೆ ಹತ್ತಿದರೆ ಒಂದು ಗಂಟೆ, ನೋಡುತ್ತಾ ಹತ್ತಿದರೆ ಒಂದೂವರೆ. ಮೇಲೆ ಹೋದ ಮೇಲೆ ನಿಜವಾದ ಸುತ್ತಾಟ ಶುರು. ಸಮಾಧಿಗಳು ಒಂದೇ ಕಡೆ ಇಲ್ಲ, ಗುಂಪು ಗುಂಪಾಗಿ ಹರಡಿವೆ. ಅರ್ಧ ದಿನ ಪೂರ್ತಿ ತೆಗೆದಿಡಿ. ಬೆಳಿಗ್ಗೆ ಹಂಪಿ, ಮಧ್ಯಾಹ್ನ ಹಿರೇಬೆಣಕಲ್, ಸಂಜೆ ಅಂಜನಾದ್ರಿ ಅಂತ ಪಟ್ಟಿ ಹಾಕಿಕೊಂಡು ಬರುವವರಿಗೆ ಈ ಗುಡ್ಡ ಏನನ್ನೂ ಕೊಡುವುದಿಲ್ಲ.

ಊರಿನವರೊಬ್ಬರು ಜೊತೆಗೆ ಬೇಕೇಬೇಕೇ?

ಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಮೇಲೆ ಕಾಲುದಾರಿಗಳು ಕವಲೊಡೆಯುತ್ತವೆ. ಕುರಿದಾರಿ ಯಾವುದು, ಜನರ ದಾರಿ ಯಾವುದು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಮೊಬೈಲಿನ ನಕ್ಷೆ ನಂಬಿ ಬಂಡೆಗಳ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಸುಲಭ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಕರಡಿ ಈಚೆಗೆ ಯಾವ ಕಡೆ ಓಡಾಡುತ್ತಿದೆ ಎಂಬುದು ದನ ಕುರಿ ಮೇಯಿಸುವವರಿಗೆ ಗೊತ್ತಿರುತ್ತದೆ. ಊರಿಗೆ ಹೋದ ಕೂಡಲೇ ಹಿರಿಯರೊಬ್ಬರನ್ನು ಮಾತಾಡಿಸಿ, “ಯಜಮಾನ್ರೇ, ಮೊರೇರ ಗುಡ್ಡಕ್ಕ ಹೋಗಬೇಕ್ರಿ, ಯಾರನ್ನಾದ್ರೂ ಜೋಡಿ ಕಳಿಸ್ರಿ” ಎಂದರೆ ಸಾಕು. ಬಂದವರಿಗೆ ಅರ್ಧ ದಿನದ ಕೂಲಿಗಿಂತ ಹೆಚ್ಚೇ ಕೊಡಿ. ಅವರು ಕಾಯುವುದು ನಿಮ್ಮನ್ನಷ್ಟೇ ಅಲ್ಲ, ಆ ಕಲ್ಲುಗಳನ್ನೂ ಅವರೇ ಕಾಯುತ್ತಿರುವುದು.

ಯಾವ ಕಾಲ ಒಳ್ಳೆಯದು?

ನವೆಂಬರ್‌ನಿಂದ ಫೆಬ್ರುವರಿ. ಮಾರ್ಚ್ ಮಧ್ಯದಿಂದ ಬಿಸಿಲು ಬಂಡೆಯೊಳಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ, ಮೇಲೆ ನೆರಳೆಂಬುದು ಅಲ್ಲೊಂದು ಇಲ್ಲೊಂದು. ಮಳೆಗಾಲದಲ್ಲಿ ಹಾಸುಬಂಡೆ ಪಾಚಿಗಟ್ಟಿ ಜಾರುತ್ತದೆ, ಹುಲ್ಲು ಎತ್ತರಕ್ಕೆ ಬೆಳೆದು ನೆಲ ಕಾಣುವುದಿಲ್ಲ. ಆದರೂ ಮಳೆ ನಿಂತ ಮೇಲಿನ ಅಕ್ಟೋಬರ್ ಕೊನೆಯ ವಾರಗಳಲ್ಲಿ ಕೆರೆ ತುಂಬಿ, ಹುಲ್ಲು ಇನ್ನೂ ಹಸಿರಿರುವಾಗ ಈ ಗುಡ್ಡಕ್ಕೆ ಬೇರೆಯದೇ ಕಳೆ ಇರುತ್ತದೆ. ನಡೆದು ರೂಢಿಯಿದ್ದವರಿಗೆ ನಾನು ಆ ದಿನಗಳನ್ನೇ ಹೇಳುತ್ತೇನೆ.

ಕೆಳಗಿನ ನೋಟಕ್ಕೂ ಕಾಲವಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಗಂಗಾವತಿ ಸೀಮೆ ಭತ್ತದ ಕಣಜವಾಯಿತು. ನಾಟಿ ಮುಗಿದ ಗದ್ದೆಗಳು ಗುಡ್ಡದ ಮೇಲಿಂದ ದಿಗಂತದವರೆಗೂ ಕಾಣುತ್ತವೆ. ಸಮಾಧಿ ಕಟ್ಟಿದವರ ಕಣ್ಣಿಗೆ ಮಾತ್ರ ಇದೇ ಬಯಲು ಮಳೆಯನ್ನೇ ನೆಚ್ಚಿದ ಒಣಭೂಮಿಯಾಗಿ ಕಂಡಿರಬೇಕು.

ಇವು ಮನೆಗಳೋ, ಗೋರಿಗಳೋ?

ನೋಡಿದರೆ ಮನೆಯ ಹಾಗೇ ಇವೆ. ಗೋಡೆ, ಮಾಡು, ಕಿಟಕಿಯಂಥ ಕಂಡಿ ಎಲ್ಲವೂ ಇವೆ. ಆದರೆ ಇವು ಸಾವಿಗೆ ಸಂಬಂಧಿಸಿದ ಕಟ್ಟಡಗಳು. ಪುರಾತತ್ವದವರು ಈ ಸಂಪ್ರದಾಯವನ್ನು ಬೃಹತ್ ಶಿಲಾ ಸಂಸ್ಕೃತಿ ಎನ್ನುತ್ತಾರೆ. ದಕ್ಷಿಣ ಭಾರತದ ಉದ್ದಗಲಕ್ಕೂ ಇಂಥ ಸಮಾಧಿಗಳಿವೆ. ಅವುಗಳ ಬಳಿ ಸಾಮಾನ್ಯವಾಗಿ ಸಿಗುವುದು ಕಪ್ಪು-ಕೆಂಪು ಮಡಕೆಗಳು ಮತ್ತು ಕಬ್ಬಿಣದ ವಸ್ತುಗಳು. ಎಲ್ಲ ಕೋಣೆಗಳಲ್ಲೂ ಹೆಣ ಹೂಳಿದ್ದರು ಎಂದುಕೊಳ್ಳಬಾರದು. ಈ ಸಂಪ್ರದಾಯದಲ್ಲಿ ಒಮ್ಮೊಮ್ಮೆ ಆಯ್ದ ಎಲುಬುಗಳನ್ನಷ್ಟೇ ಇಡುತ್ತಿದ್ದರು, ಒಮ್ಮೊಮ್ಮೆ ಏನನ್ನೂ ಇಡದೆ ನೆನಪಿಗೆಂದೇ ನಿಲ್ಲಿಸುತ್ತಿದ್ದರು.

ಇಲ್ಲಿ ಒಂದೇ ಬಗೆಯ ಕಟ್ಟಡವಿಲ್ಲ ಎಂಬುದನ್ನು ಗಮನಿಸಿ. ನೆಲದ ಮೇಲೆ ಪೂರ್ತಿ ಎದ್ದು ನಿಂತವು ಒಂದು ಬಗೆ, ಅರ್ಧ ಮಣ್ಣಲ್ಲಿ ಹುದುಗಿ ಸುತ್ತ ಕಲ್ಲಿನ ವೃತ್ತ ಇರುವವು ಇನ್ನೊಂದು. ದೊಡ್ಡ ಗುಂಡಿನ ಅಡಿಯ ಸಂದನ್ನೇ ಕಲ್ಲು ಜೋಡಿಸಿ ಮುಚ್ಚಿ ಕೋಣೆ ಮಾಡಿಕೊಂಡವೂ ಇವೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಈ ಕೊನೆಯವೇ. ಪ್ರಕೃತಿ ಕೊಟ್ಟದ್ದಕ್ಕೆ ಮನುಷ್ಯ ಎಷ್ಟು ಸೇರಿಸಿದ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ಹತ್ತೊಂಬತ್ತನೇ ಶತಮಾನದಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಈ ಸೀಮೆಯ ಶಿಲಾ ಸಮಾಧಿಗಳ ಬಗ್ಗೆ ಮೊದಲು ಬರೆದವರಲ್ಲೊಬ್ಬ. ನಮ್ಮವರೇ ಆದ ಪುರಾತತ್ವಜ್ಞ ಅ. ಸುಂದರ ಅವರು ಉತ್ತರ ಕರ್ನಾಟಕದ ಶಿಲಾಕೋಣೆಗಳನ್ನು ಊರೂರು ಅಲೆದು ದಾಖಲಿಸಿದರು. ಈಚಿನ ದಶಕಗಳಲ್ಲಿ ಆಂಡ್ರೂ ಬಾವರ್ ಎಂಬ ಅಮೆರಿಕದ ವಿದ್ವಾಂಸರು ಸಮಾಧಿಗಳನ್ನಷ್ಟೇ ಅಲ್ಲದೆ ಸುತ್ತಲ ನೆಲ, ನೀರು, ವಸತಿಯ ಕುರುಹುಗಳನ್ನೆಲ್ಲ ಸೇರಿಸಿ ಅಧ್ಯಯನ ಮಾಡಿದ್ದಾರೆ.

ಮೊರೇರು ಅಂದರೆ ಯಾರು? ಮೌರ್ಯರೇ?

ಊರಿನವರು ಹೇಳುವ ಕತೆಯಲ್ಲಿ ಮೊರೇರು ಬಹಳ ಕುಳ್ಳಗಿನ, ಆದರೆ ಭಾರೀ ಬಲಶಾಲಿ ಜನ. ಈ ಕಲ್ಲುಮನೆಗಳಲ್ಲಿ ಅವರೇ ವಾಸವಿದ್ದರಂತೆ. ಆಮೇಲೆ ಬೆಂಕಿಯ ಮಳೆ ಸುರಿದು ಅವರ ಕುಲವೇ ನಾಶವಾಯಿತಂತೆ. ಇಷ್ಟು ಚಿಕ್ಕ ಬಾಗಿಲು, ಇಷ್ಟು ಭಾರದ ಕಲ್ಲು ಎರಡನ್ನೂ ಒಟ್ಟಿಗೆ ವಿವರಿಸಬೇಕಾದಾಗ ಹುಟ್ಟಿದ ಕತೆ ಇದು. ನನಗೆ ಇದರ ಮೇಲೆ ಬಹಳ ಗೌರವವಿದೆ.

ಮೌರ್ಯರು ಕಟ್ಟಿಸಿದ್ದು ಎಂಬ ಮಾತೂ ಓಡಾಡುತ್ತದೆ. ಇಲ್ಲಿನ ಕಟ್ಟಡಗಳ ಪರಂಪರೆ ಮೌರ್ಯರಿಗಿಂತ ಹಳೆಯದು. ಆದರೆ ಕ್ರಿ.ಪೂ. ಮೂರನೇ ಶತಮಾನದಲ್ಲಿ ಅಶೋಕನ ಶಾಸನಗಳು ಕೊಪ್ಪಳಕ್ಕೂ ಮಸ್ಕಿಗೂ ಬಂದಾಗ, ಇಂಥ ಸಮಾಧಿ ಕಟ್ಟುವ ಜನ ಈ ನಾಡಿನಲ್ಲಿ ಇನ್ನೂ ಇದ್ದರು. ಬಂಡೆಯ ಮೇಲೆ ಅಕ್ಷರ ಕೊರೆದವರೂ ಬಂಡೆ ಸೀಳಿ ಗೋಡೆ ನಿಲ್ಲಿಸಿದವರೂ ಒಬ್ಬರನ್ನೊಬ್ಬರು ನೋಡಿರಬಹುದಾದ ಕಾಲ ಅದು.

ಅಷ್ಟು ದೊಡ್ಡ ಚಪ್ಪಡಿಗಳನ್ನು ಹೇಗೆ ತಂದರು?

ದೂರದಿಂದೇನೂ ತರಲಿಲ್ಲ. ಇಲ್ಲಿಯ ಗ್ರಾನೈಟು ಸುಮಾರು 250 ಕೋಟಿ ವರ್ಷ ಹಳೆಯದು. ಹಗಲ ಬಿಸಿಲಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ, ಮೇಲಿನ ಭಾರ ಸವೆದಂತೆಲ್ಲ ಬಿರಿದು, ಈರುಳ್ಳಿ ಸಿಪ್ಪೆಯಂತೆ ಪದರು ಪದರಾಗಿ ಬಿಡುತ್ತದೆ. ಕೆರೆಯ ಸುತ್ತಲ ಹಾಸುಬಂಡೆಯ ಅಂಚುಗಳನ್ನು ನೋಡಿ, ಎದ್ದು ನಿಂತ ಪದರುಗಳು ಈಗಲೂ ಕಾಣುತ್ತವೆ. ಹಾಗೆ ಬಿಟ್ಟ ಪದರನ್ನು ಬಿಡಿಸಿ, ಅಂಚನ್ನು ಕುಟ್ಟಿ ಸರಿಮಾಡಿ ಬೇಕಾದ ಅಳತೆಗೆ ತಂದುಕೊಳ್ಳುತ್ತಿದ್ದರು. ಕಲ್ಲು ತೆಗೆದ ತಗ್ಗಿನಲ್ಲಿ ಮಳೆನೀರು ನಿಂತು ಕೆರೆಯಾಯಿತು. ಇವತ್ತು ಪ್ರಾಣಿಪಕ್ಷಿಗಳು ನೀರು ಕುಡಿಯುವುದು ಅಲ್ಲೇ.

ಆದರೂ ಟನ್‌ಗಟ್ಟಲೆ ಭಾರದ ಮಾಡುಕಲ್ಲನ್ನು ಗೋಡೆಗಳ ಮೇಲೆ ಏರಿಸಲು ಮರದ ಸನ್ನೆ, ಹಗ್ಗ, ಮಣ್ಣಿನ ಇಳಿಜಾರು, ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ದನಿಗೆ ಕೈ ಹಾಕುವ ಬಹಳ ಜನ ಬೇಕು. ಒಂದು ಮನೆತನದಿಂದ ಆಗುವ ಕೆಲಸವಲ್ಲ. ಹೀಗಾಗಿ ಈ ಸಮಾಧಿಗಳು ಸತ್ತವರ ಬಗ್ಗೆ ಹೇಳುವಷ್ಟನ್ನೇ ಕಟ್ಟಿದವರ ಒಗ್ಗಟ್ಟಿನ ಬಗ್ಗೆಯೂ ಹೇಳುತ್ತವೆ.

ಕಲ್ಲಿನ ನಗಾರಿ ನಿಜವೇ? ಬಾರಿಸಬಹುದೇ?

ನಿಜ. ಸುಮಾರು 10 ಮೀಟರ್ ಎತ್ತರದ ಗುಂಡಿನ ಮೇಲೆ ಅರ್ಧಗೋಳಾಕಾರದ ಇನ್ನೊಂದು ಕಲ್ಲು ಕೂತಿದೆ, ಅಗಲ ಸುಮಾರು 2 ಮೀಟರ್. ಮರದ ಕೊಡತಿಯಿಂದ ಹೊಡೆದರೆ ಅದರ ಸದ್ದು ಒಂದು ಕಿಲೋಮೀಟರಿನವರೆಗೂ ಕೇಳಿಸುತ್ತದಂತೆ. ಬಳ್ಳಾರಿ ಬಳಿಯ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದಲ್ಲೂ ಬಡಿದರೆ ಗಣಗಣಿಸುವ ಕಪ್ಪು ಬಂಡೆಗಳಿವೆ, ನವಶಿಲಾಯುಗದ ಕಾಲದಿಂದ ಬಡಿದು ಬಡಿದು ಅವುಗಳಲ್ಲಿ ಕುಳಿ ಬಿದ್ದಿದೆ. ಕಲ್ಲಿಗೆ ದನಿಯಿದೆ ಎಂಬುದು ಈ ಸೀಮೆಯವರಿಗೆ ಬಹಳ ಹಿಂದೆಯೇ ಗೊತ್ತಿತ್ತು.

ಬಾರಿಸಬೇಡಿ. ಹತ್ತಲು ಹೋಗಿ ಬಿದ್ದರೆ ಕೆಳಗೆ ಬಂಡೆಯೇ. ಬಂದವರೆಲ್ಲ ಕಲ್ಲು ತೆಗೆದುಕೊಂಡು ಒಂದೊಂದು ಏಟು ಹಾಕಿದರೆ ಅದರ ಮೈ ಸವೆಯುತ್ತದೆ, ಹತ್ತಿರದಲ್ಲಿ ಗೂಡು ಕಟ್ಟಿದ ಹಕ್ಕಿ, ಗವಿಯಲ್ಲಿ ಮಲಗಿದ ಪ್ರಾಣಿ ಬೆದರುತ್ತವೆ.

ಚಿತ್ರಗಳನ್ನು ನೋಡುವುದು ಎಲ್ಲಿ?

ಮೇಲಕ್ಕೆ ಚಾಚಿದ ಬಂಡೆಗಳ ಅಡಿಯಲ್ಲಿ. ಕೆಮ್ಮಣ್ಣಿನ ಬಣ್ಣದಲ್ಲಿ ಕುದುರೆ ಸವಾರರು, ಆಯುಧ ಹಿಡಿದವರು, ಕೈಕೈ ಹಿಡಿದು ಕುಣಿಯುವ ಸಾಲು, ಜಿಂಕೆ, ನವಿಲುಗಳಿವೆ. ಎಲ್ಲವೂ ಒಂದೇ ಕಾಲದವಲ್ಲ, ಒಂದರ ಮೇಲೊಂದು ಬರೆದದ್ದೂ ಇದೆ. ಎದುರಿಗೆ ಬಿಸಿಲಿದ್ದಾಗ ಸರಿಯಾಗಿ ಕಾಣುವುದಿಲ್ಲ, ಸ್ವಲ್ಪ ಹೊತ್ತು ನೆರಳಲ್ಲಿ ಕೂತು ಕಣ್ಣು ಹೊಂದಿಸಿಕೊಳ್ಳಿ. ಎದ್ದು ಕಾಣಲಿ ಎಂದು ನೀರು ಚಿಮುಕಿಸುವ ಕೆಟ್ಟ ಚಾಳಿ ಕೆಲವರಿಗಿದೆ. ಪ್ರತಿ ಸಲ ನೀರು ಬಿದ್ದು ಆರಿದಾಗಲೂ ಬಣ್ಣ ಮಂಕಾಗುತ್ತದೆ, ಮೇಲೆ ಉಪ್ಪಿನ ಪೊರೆ ಕಟ್ಟುತ್ತದೆ. ಕೈಯನ್ನೂ ತಾಗಿಸಬೇಡಿ.

ಕರಡಿ ಎದುರಾದರೆ ಏನು ಮಾಡಬೇಕು?

ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದದ್ದೂ ಹೌದು. ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಕಲ್ಲುಗುಡ್ಡಗಳು ಕರಡಿಯ ಖಾಸಾ ನೆಲೆ. ಅದಕ್ಕೆ ಬೇಕಾದದ್ದೆಲ್ಲ ಇಲ್ಲಿದೆ: ಹಗಲು ಮಲಗಲು ತಂಪಾದ ಗವಿ, ಅಗೆದು ತಿನ್ನಲು ಗೆದ್ದಲ ಹುತ್ತ, ಕಾಲಕಾಲಕ್ಕೆ ಬಾರಿಹಣ್ಣು, ಕವಳೆ, ಕಾರೆ, ಸೀತಾಫಲ. ಕರಡಿಯ ಮೇಲ್ದವಡೆಯಲ್ಲಿ ನಡುವಿನ ಎರಡು ಹಲ್ಲುಗಳೇ ಇಲ್ಲ. ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿನಿಂದ ಗೆದ್ದಲನ್ನು ಬುಸ್ಸನೆ ಹೀರಿಕೊಳ್ಳುತ್ತದೆ. ಆ ಸದ್ದು ನೂರು ಮೀಟರ್ ಆಚೆಗೂ ಕೇಳಿಸುತ್ತದೆ, ಗುರುತಿಟ್ಟುಕೊಳ್ಳಿ.

ಕರಡಿ ಮನುಷ್ಯನನ್ನು ಬೇಟೆಯಾಡುವುದಿಲ್ಲ. ದೃಷ್ಟಿ ಮಂದ, ಅಗೆಯುವಾಗ ಗಮನವೆಲ್ಲ ಹುತ್ತದ ಮೇಲೆ. ನಾವು ಸದ್ದಿಲ್ಲದೆ ಹತ್ತಿರ ಹೋಗಿಬಿಟ್ಟರೆ ಬೆಚ್ಚಿಬಿದ್ದು ಮೇಲೆ ಬರುತ್ತದೆ. ಓಡಿಹೋಗುವ ಜಾಯಮಾನ ಅದರದ್ದಲ್ಲ, ಹೆದರಿದರೆ ಎದುರಿಸಿ ನಿಲ್ಲುತ್ತದೆ. ಮರಿಯಿದ್ದ ತಾಯಿಯಂತೂ ಯಾವ ಅಪಾಯವನ್ನೂ ಸಹಿಸುವುದಿಲ್ಲ. ಸಾಮಾನ್ಯವಾಗಿ ಡಿಸೆಂಬರ್–ಜನವರಿಯಲ್ಲಿ ಗವಿಯೊಳಗೆ ಒಂದೆರಡು ಮರಿ ಹಾಕುತ್ತದೆ, ಕೆಲವು ತಿಂಗಳಾದ ಮೇಲೆ ಬೆನ್ನಮೇಲೆ ಹೊತ್ತು ತಿರುಗುತ್ತದೆ. ನಾವು ನಡೆಯಲು ಇಷ್ಟಪಡುವ ಚಳಿಗಾಲವೇ ಅದರ ಬಾಣಂತನದ ಕಾಲ ಎಂಬುದು ನೆನಪಿರಲಿ.

ಆದ್ದರಿಂದ ಸೂರ್ಯ ಪೂರ್ತಿ ಮೇಲೆ ಬಂದ ನಂತರ ಹತ್ತಿ, ಸಂಜೆ ನಾಲ್ಕರೊಳಗೆ ಇಳಿದುಬಿಡಿ. ಗುಂಪಾಗಿ, ಸಹಜ ದನಿಯಲ್ಲಿ ಮಾತಾಡುತ್ತಾ ನಡೆಯಿರಿ. ದಾರಿ ತಿರುಗುವಲ್ಲಿ, ಪೊದೆಯ ಬಳಿ ಕೋಲಿನಿಂದ ಬಂಡೆ ತಟ್ಟಿ. ಯಾವ ಗವಿಗೂ ಇಣುಕಬೇಡಿ. ದೂರದಲ್ಲಿ ಕಂಡರೆ ನಿಂತು, ಬಂದ ದಾರಿಯಲ್ಲೇ ನಿಧಾನ ಹಿಂದೆ ಸರಿಯಿರಿ. ಓಡಬೇಡಿ, ನಿಮಗಿಂತ ಅದು ಬಿರುಸಾಗಿ ಓಡುತ್ತದೆ. ಮರ ಹತ್ತಿಯೂ ಪ್ರಯೋಜನವಿಲ್ಲ, ಅದಕ್ಕೂ ಹತ್ತಲು ಬರುತ್ತದೆ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ ಮುಖ, ಹೊಟ್ಟೆ ನೆಲಕ್ಕೆ ಒತ್ತಿ, ಎರಡೂ ಕೈಯಿಂದ ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ. ಕರಡಿ ಹೊಡೆಯುವುದು ಹೆಚ್ಚಾಗಿ ತಲೆಗೆ, ಮುಖಕ್ಕೆ.

ನೆಮ್ಮದಿಯಿಂದ, ಅಪಾಯವಿಲ್ಲದೆ ಕರಡಿ ನೋಡಬೇಕೆಂದರೆ ಗುಡ್ಡ ಬಿಟ್ಟು ದರೋಜಿಗೆ ಹೋಗಿ. 1994ರಲ್ಲಿ ಘೋಷಣೆಯಾದ ಆ ಕರಡಿಧಾಮದಲ್ಲಿ ಸಂಜೆ ಹೊತ್ತು ವೀಕ್ಷಣಾ ಗೋಪುರದಿಂದ ನೋಡಬಹುದು.

ಚಿರತೆ?

ಇದೆ. ಗಂಗಾವತಿ–ಆನೆಗೊಂದಿ ಸೀಮೆಯಲ್ಲಿ ಚಿರತೆ ಮನುಷ್ಯರ ಮೇಲೆ ಎರಗಿದ್ದೂ ಉಂಟು. ಹಗಲು, ಗುಂಪಿನಲ್ಲಿದ್ದರೆ ಅದು ನಿಮ್ಮಿಂದ ದೂರವೇ ಇರುತ್ತದೆ. ಮಕ್ಕಳನ್ನು ಮುಂದೆಯೋ ಹಿಂದೆಯೋ ಒಂಟಿಯಾಗಿ ಬಿಡಬೇಡಿ, ನಾಯಿಯನ್ನು ಕರೆದೊಯ್ಯಬೇಡಿ. ಅರಣ್ಯ ಇಲಾಖೆಯವರೋ ಊರಿನವರೋ ಇವತ್ತು ಬೇಡ ಎಂದರೆ ವಾದ ಮಾಡದೆ ಹಿಂತಿರುಗಿ.

ಬೇರೆ ಏನೇನು ಕಾಣಬಹುದು?

ಕಣ್ಣು ಚಿಕ್ಕದರ ಮೇಲಿದ್ದರೆ ಬಹಳ. ಬಂಡೆಯ ಮೇಲಿನ ಓತಿಕ್ಯಾತದ ಗಂಡು ಬೆದೆಗಾಲದಲ್ಲಿ ಕೆಂಪು-ಕಪ್ಪಿನ ಬಣ್ಣಕ್ಕೆ ತಿರುಗಿ ಮಾಡುಕಲ್ಲಿನ ತುದಿಯಲ್ಲಿ ದಂಡ ಹೊಡೆಯುತ್ತಿರುತ್ತದೆ. ಮಳೆ ಬಿದ್ದ ಮೇಲೆ ನಕ್ಷತ್ರ ಆಮೆ ಹೊರಬರುತ್ತದೆ. ಎತ್ತಿ ಫೋಟೊ ತೆಗೆಸಿಕೊಳ್ಳುವುದು, ಮನೆಗೆ ಒಯ್ಯುವುದು ಅಪರಾಧ. ಬಂಡೆಯ ಗೋಡೆಗಳಲ್ಲಿ ದೊಡ್ಡ ಕೊಂಬಿನ ಗೂಬೆ ಹಗಲಿಡೀ ಕಲ್ಲಿನ ಬಣ್ಣದಲ್ಲೇ ಬೆರೆತು ಕೂತಿರುತ್ತದೆ.

ಹಕ್ಕಿ ನೋಡುವವರು ಈ ಸೀಮೆಗೆ ಹುಡುಕಿಕೊಂಡು ಬರುವುದು ಹಳದಿ ಗಂಟಲಿನ ಪಿಕಳಾರಕ್ಕೆ. ಜಗತ್ತಿನಲ್ಲಿ ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಅದು, ಅಳಿವಿನಂಚಿಗೆ ಜಾರುವ ಆತಂಕದ ಪಟ್ಟಿಯಲ್ಲೂ ಇದೆ. ಕಲ್ಲುಕ್ವಾರಿಗೆ ಗುಡ್ಡಗಳು ಒಂದೊಂದಾಗಿ ಹೋದಂತೆಲ್ಲ ಅದರ ಮನೆಯೂ ಹೋಗುತ್ತದೆ. ಸಮಾಧಿಗಳಿರುವ ಗುಡ್ಡ ಉಳಿದರೆ ಹಕ್ಕಿಗೂ ಒಂದು ಗುಡ್ಡ ಉಳಿದಂತೆ. ಪುರಾತತ್ವ ಒಂದು ಇಲಾಖೆ, ಅರಣ್ಯ ಇನ್ನೊಂದು ಇಲಾಖೆ ಎಂದು ಕಾಗದದಲ್ಲಿ ಬೇರೆ ಮಾಡಿದ್ದೇವೆ. ಕರಡಿ ಮಲಗುವ ಗುಂಡಿನ ಮಗ್ಗುಲಲ್ಲೇ ಚಿತ್ರವಿರುವ ಗುಂಡೂ ಇದೆ. ಇವೆರಡನ್ನೂ ಒಟ್ಟಿಗೆ ಕಾಪಾಡದೆ ಒಂದನ್ನು ಉಳಿಸಲು ಆಗುವುದಿಲ್ಲ ಎಂಬುದೇ ನನ್ನ ಗಟ್ಟಿಯಾದ ಅಭಿಪ್ರಾಯ.

ಹಾವಿನ ಭಯವಿದೆಯೇ?

ಎಚ್ಚರ ಸಾಕು. ನಾಗರ, ಕೊಳಕುಮಂಡಲ, ಗರಗಸ ಮಂಡಲ ಮೂರೂ ಇಂಥ ನೆಲದಲ್ಲಿ ಇರುವಂಥವು. ಗರಗಸ ಮಂಡಲ ಚಿಕ್ಕದು, ಕಲ್ಲಿನಡಿಯೇ ಅದರ ಜಾಗ. ಕಾಣದ ಸಂದಿಗೆ ಕೈ ಹಾಕಬೇಡಿ, ಕಲ್ಲು ಮಗುಚಬೇಡಿ, ಕಣಕಾಲು ಮುಚ್ಚುವ ಬೂಟು ಹಾಕಿ. ಕಚ್ಚಿದರೆ ಕುಯ್ಯುವುದು, ಬಿಗಿದು ಕಟ್ಟುವುದು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿದ ಅಂಗ ಅಲ್ಲಾಡಿಸದೆ, 108ಕ್ಕೆ ಕರೆಮಾಡಿ, ನೇರ ಗಂಗಾವತಿಯ ಸರ್ಕಾರಿ ಆಸ್ಪತ್ರೆಗೆ.

ಮಕ್ಕಳು, ವಯಸ್ಸಾದವರು ಬರಬಹುದೇ?

ಎಂಟು-ಹತ್ತು ವರ್ಷ ದಾಟಿದ ಮಕ್ಕಳು ಕುಣಿದಾಡಿಕೊಂಡು ಹತ್ತುತ್ತಾರೆ. ಮೊಣಕಾಲು ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಊರುಗೋಲಿರಲಿ.

ಮೇಲೆ ಟೆಂಟ್ ಹಾಕಿ ರಾತ್ರಿ ಉಳಿಯಬಹುದೇ?

ಇಲ್ಲ. ಬೆಂಕಿ ಹಾಕುವುದೂ ಇಲ್ಲ, ಅಡುಗೆಯೂ ಇಲ್ಲ. ಚಪ್ಪಡಿಗೆ ಒರಗಿಸಿ ಹಾಕಿದ ಬೆಂಕಿಯಿಂದ ಕಲ್ಲು ಸಿಡಿದು ಚಕ್ಕೆ ಏಳುತ್ತದೆ. ಒಣಹುಲ್ಲಿಗೆ ಕಿಡಿ ಬಿದ್ದರೆ ಇಡೀ ಗುಡ್ಡವೇ ಉರಿಯುತ್ತದೆ. ಡ್ರೋನ್ ಹಾರಿಸಲು ಅನುಮತಿ ಬೇಕು.

ನೆಲದಲ್ಲಿ ಮಡಕೆ ಚೂರು ಸಿಕ್ಕರೆ ಇಟ್ಟುಕೊಳ್ಳಬಹುದೇ?

ಬಿದ್ದಲ್ಲೇ ಇರಲಿ. ಚೂರು ಯಾವ ಸಮಾಧಿಯ ಬಳಿ, ಯಾವ ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದರಿಂದಲೇ ಪುರಾತತ್ವದವರಿಗೆ ಅರ್ಥ ಹುಟ್ಟುವುದು. ನಿಮ್ಮ ಷೋಕೇಸಿಗೆ ಬಂದ ಕ್ಷಣ ಅದು ಬರೀ ಬೋಕಿ. ಫೋಟೊ ತೆಗೆದುಕೊಳ್ಳಿ, ಪಕ್ಕದಲ್ಲಿ ಅಳತೆಗೊಂದು ನಾಣ್ಯ ಇಡಿ, ನಾಣ್ಯ ಎತ್ತಿಕೊಂಡು ಬನ್ನಿ.

ಸಮಾಧಿಯೊಳಗೆ ನಿಧಿ ಇದೆಯಂತೆ, ಹೌದೇ?

ಇಲ್ಲ. ಈ ಒಂದು ಸುಳ್ಳಿನಿಂದ ಆದಷ್ಟು ಹಾನಿ ಮಳೆ, ಗಾಳಿ, ಸಿಡಿಲಿನಿಂದಲೂ ಆಗಿಲ್ಲ. ನಿಧಿಗಳ್ಳರು ರಾತ್ರಿ ಬಂದು ಕೋಣೆಗಳ ನಡುವೆ ಗುಂಡಿ ತೋಡಿದ್ದಾರೆ, ಗೋಡೆಗಳನ್ನು ಕೆಡವಿದ್ದಾರೆ. ಮಾಡುಕಲ್ಲು ಮುರಿದು ಬಿದ್ದ ಸಮಾಧಿಗಳನ್ನು ನೀವೇ ನೋಡುತ್ತೀರಿ. ನೋಡಿದಾಗ ಹೊಟ್ಟೆ ಉರಿಯುತ್ತದೆ. ಆ ಜನ ಸತ್ತವರ ಜೊತೆ ಇಟ್ಟದ್ದು ಅನ್ನದ ಮಡಕೆ, ಕಬ್ಬಿಣದ ಕತ್ತಿ, ಮಣಿಸರ. ಹೊಸದಾಗಿ ಅಗೆದ ಗುಂಡಿ ಕಂಡರೆ ಫೋಟೊ ತೆಗೆದು ಊರಿನವರಿಗೂ ಪೊಲೀಸರಿಗೂ ತಿಳಿಸಿ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಕಾನೂನಿನಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ಯುನೆಸ್ಕೊ ಪಟ್ಟಿಗೆ ಸೇರಿದೆಯೇ?

2021ರಲ್ಲಿ ತಾತ್ಕಾಲಿಕ ಪಟ್ಟಿಗೆ ಸೇರಿತು. ಅದು ಮೊದಲ ಮೆಟ್ಟಿಲು ಅಷ್ಟೇ, ವಿಶ್ವ ಪರಂಪರೆಯ ತಾಣ ಆದಂತಲ್ಲ. ಪೂರ್ತಿ ಮನ್ನಣೆ ಸಿಗಲಿ ಎಂಬುದು ನನ್ನ ಆಸೆ. ಆದರೆ ಗುಡ್ಡದ ನೆತ್ತಿಯವರೆಗೂ ಡಾಂಬರು ರಸ್ತೆ, ಪಾರ್ಕಿಂಗು, ಬಣ್ಣದ ದೀಪ ಬರುವುದಾದರೆ ಬೇಡ. ನೆರಳು, ಕುಡಿಯುವ ನೀರು, ಶೌಚಾಲಯ, ಊರಿನ ಹುಡುಗ ಹುಡುಗಿಯರಿಗೆ ದಾರಿ ತೋರಿಸುವ ತರಬೇತಿ, ಇವು ಕೆಳಗೆ ಊರಲ್ಲೇ ಆಗಲಿ.

ಇದರ ಜೊತೆ ಇನ್ನೇನು ನೋಡಬಹುದು?

ಮರುದಿನಕ್ಕೆ ಇಟ್ಟುಕೊಳ್ಳಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ, ಎರಡೂ 1931ರಲ್ಲಿ ಬೆಳಕಿಗೆ ಬಂದವು. ಮೊರೇರ ಗುಡ್ಡ ನೋಡಿದ ಮೇಲೆ ಅವನ್ನು ನೋಡಿದರೆ ಕಾಲದ ಎಳೆ ಸರಿಯಾಗಿ ಕೂಡಿಬರುತ್ತದೆ. ಆನೆಗೊಂದಿ ಬಳಿಯ ಒನಕೆ ಕಿಂಡಿಯಲ್ಲೂ ಬಂಡೆಚಿತ್ರಗಳಿವೆ. ನದಿಯ ಕಡೆ ಹೋದರೆ ತುಂಗಭದ್ರೆಯಲ್ಲಿ ನೀರುನಾಯಿಗಳಿಗೆಂದೇ 2015ರಲ್ಲಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು, ಕಂಪ್ಲಿಯವರೆಗೆ ಸುಮಾರು 34 ಕಿ.ಮೀ. ಉದ್ದ. ಬೆಳಗಿನ ತಣ್ಣನೆಯ ಹೊತ್ತಲ್ಲಿ ಬಂಡೆಯ ಮೇಲೆ ಅವು ಕಾಣಿಸಿಕೊಳ್ಳುತ್ತವೆ.

ಊಟ, ನೀರು, ಏನೇನು ಒಯ್ಯಬೇಕು?

ಒಬ್ಬರಿಗೆ ಮೂರು ಲೀಟರ್ ನೀರು, ಮೇಲೆ ಏನೂ ಸಿಗುವುದಿಲ್ಲ. ಕೆರೆಯ ನೀರು ಕುಡಿಯಬೇಡಿ, ಅದರಲ್ಲಿ ಕೈಕಾಲು ತೊಳೆಯುವುದೂ ಬೇಡ. ಟೋಪಿ, ಬಿಸಿಲಿಗೆ ತುಂಬುತೋಳಿನ ಅಂಗಿ, ಒಂದು ಕೋಲು. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಕೆಡುವುದಿಲ್ಲ. ಹಿಂದಿನ ದಿನ ಹೇಳಿದರೆ ಊರಿನ ಮನೆಗಳಲ್ಲೇ ಮಾಡಿಕೊಡುತ್ತಾರೆ, ದುಡ್ಡು ಕೊಟ್ಟೇ ತೆಗೆದುಕೊಳ್ಳಿ. ಉಳಿದ ಊಟವನ್ನು ಕೋತಿಗಳಿಗೆ ಹಾಕಬೇಡಿ, ಬಂಡೆಯ ಮೇಲೂ ಬಿಡಬೇಡಿ. ಆ ವಾಸನೆಗೆ ಕರಡಿ ದಾರಿಗೇ ಬಂದು ಕೂರುತ್ತದೆ, ಮರುದಿನ ಅದೇ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವರು ಊರಿನ ಹುಡುಗರು.